ಬೆಡಗು ಕೇಳುವ ದ್ರಾಕ್ಷಾಯಣಮ್ಮ ಮತ್ತು ಅಪ್ಪನಿಲ್ಲದ ಹೇನು

ಹಳೇಬೀಡಿನಿಂದ ಬಾಣಾವರದ ಕಡೆಗೆ ಹೋಗುವ ಬಸ್ಸು ಹತ್ತಿ ‘ದ್ರಾಕ್ಷಾಯಣಮ್ಮನ ಮನೆ’ ಅಂದರೆ ಸಾಕು, ಊರಿನ ಹೆಸರು ಹೇಳಬೇಕಾಗಿಲ್ಲ, ಕಂಡಕ್ಟರೇ ನೆನಪಿಟ್ಟು ಇಳಿಸುತ್ತಾನೆ. ಅವನಿಗೆ ಹೆಣ್ಣು ಹುಡುಕಿಕೊಟ್ಟವರು ಅವರೇ. ಡ್ರೈವರಿಗೆ ಇನ್ನೂ ಹುಡುಕುತ್ತಿದ್ದಾರೆ, ಆದ್ದರಿಂದ ಅವನು ಅವರ ಮನೆ ಮುಂದೆ ಬಸ್ಸನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನಿಲ್ಲಿಸುತ್ತಾನೆ.

ದ್ರಾಕ್ಷಾಯಣಮ್ಮನಿಗೆ ಐವತ್ತಾರು ವರ್ಷ. ಓದಿದ್ದು ಏಳನೇ ಕ್ಲಾಸು. ಆದರೆ ಅವರಲ್ಲಿ ಒಂದು ವಿದ್ಯೆ ಇತ್ತು. ಎದುರಿಗೆ ಯಾರೇ ಬಂದು ನಿಲ್ಲಲಿ, ಮೂರು ಪ್ರಶ್ನೆಯೊಳಗೆ ಅವರೊಂದಿಗೆ ಒಂದು ನಂಟು ಹಿಡಿದುಬಿಡುತ್ತಿದ್ದರು. ಯಾವೂರು, ಯಾರ ಮಗ, ಬೆಡಗು ಯಾವುದು. ಬೆಡಗು ಅಂದರೆ ಮನೆತನದ ಬೇರು. ಒಂದೇ ಬೆಡಗಿನವರು ಒಬ್ಬರನ್ನೊಬ್ಬರು ಕಂಡೇ ಇಲ್ಲದಿದ್ದರೂ ಅಣ್ಣತಂಗಿಯರ ಲೆಕ್ಕ, ಅವರೊಳಗೆ ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಜನಗಣತಿಗೆ ಬಂದ ಮೇಷ್ಟ್ರೊಬ್ಬರು ಒಂದು ಉದ್ದನೆಯ ಪಟ್ಟಿ ಹಿಡಿದು ಪ್ರಶ್ನೆ ಕೇಳಲು ಕೂತರಂತೆ. ಅವರು ನಾಲ್ಕನೆಯ ಪ್ರಶ್ನೆಗೆ ಬರುವಷ್ಟರಲ್ಲಿ ದ್ರಾಕ್ಷಾಯಣಮ್ಮ ಅವರಿಂದಲೇ ಇಪ್ಪತ್ತು ಉತ್ತರ ತೆಗೆದುಕೊಂಡು, ಅವರು ತಮ್ಮ ಚಿಕ್ಕತ್ತೆಯ ನಾದಿನಿಯ ಮೊಮ್ಮಗ ಎಂದು ಸಾಬೀತು ಮಾಡಿ, ಎರಡು ಹೋಳಿಗೆ ತಿನ್ನಿಸಿ ಕಳಿಸಿದ್ದರು. ಪಟ್ಟಿ ಜಗಲಿಯ ಮೇಲೇ ಉಳಿಯಿತು. ಮರುದಿನ ಬಂದು ತೆಗೆದುಕೊಂಡು ಹೋದರು, ಇನ್ನೊಂದು ಹೋಳಿಗೆ ತಿಂದು.

ಹೀಗೆ ನಂಟು ಹಿಡಿದೂ ಹಿಡಿದೂ ಅವರು ನೂರ ಹನ್ನೊಂದು ಸಂಬಂಧ ಕೂಡಿಸಿದ್ದರು. ಒಂದರಲ್ಲೂ ಬೆಡಗಿನ ತಪ್ಪಾಗಿರಲಿಲ್ಲ. ಒಂದು ಜೋಡಿ ಮಾತ್ರ ಮೂರು ತಿಂಗಳು ಮುನಿಸಿಕೊಂಡು ಬೇರೆ ಬೇರೆ ಇದ್ದರು, ಅದೂ ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ಮಾತಿಗೆ. ‘ಅದು ನನ್ನ ತಪ್ಪಲ್ಲ. ಬೆಲ್ಲದ ವಿಚಾರ ನಾನು ಕೇಳಲ್ಲ’ ಎಂದು ದ್ರಾಕ್ಷಾಯಣಮ್ಮ ಹೇಳುತ್ತಿದ್ದರು.

ಅವರ ಯಜಮಾನರು ದೇವೀರಪ್ಪ. ಹೆಂಡತಿ ಇಷ್ಟು ಮಾತಾಡುವ ಮನೆಯಲ್ಲಿ ತಾನೂ ಮಾತಾಡಿದರೆ ಕೇಳುವವರು ಯಾರು ಎಂದುಕೊಂಡೋ ಏನೋ, ಮದುವೆಯಾದ ವರ್ಷದಿಂದ ‘ಹ್ಞೂಂ’ ಅನ್ನುವುದರಲ್ಲೇ ಬದುಕು ಸಾಗಿಸಿದ್ದರು. ಈಚೆಗೆ ಕಿವಿಯೂ ಸ್ವಲ್ಪ ಮಂದ. ಮನೆಯ ಹಿಂದೆ ಹತ್ತು ಗುಂಟೆಯಲ್ಲಿ ಒಂದು ಪಾಲಿಹೌಸು. ಬಿಳಿ ಪ್ಲಾಸ್ಟಿಕ್ಕಿನ ಆ ದೊಡ್ಡ ಗೂಡಾರದೊಳಗೆ ದೇವೀರಪ್ಪ ದಪ್ಪ ಮೆಣಸಿನಕಾಯಿ ಬೆಳೆಯುತ್ತಿದ್ದರು. ಅದರ ಒಂದು ಮೂಲೆಯಲ್ಲಿ ದ್ರಾಕ್ಷಾಯಣಮ್ಮ ಟ್ರೇಗಳಲ್ಲಿ ಸಸಿ ಮಾಡುತ್ತಿದ್ದರು. ಸಂಬಂಧ ಮಾತಾಡಲು ಹೋಗುವ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ, ಹಾಗಾಗಿ ಅವರ ಬುಟ್ಟಿಯಲ್ಲಿ ಯಾವಾಗಲೂ ಒಂದಷ್ಟು ಸಸಿ. ಬೇರೆಯವರು ಬಾಳೆಹಣ್ಣು ಒಯ್ದರೆ ಇವರು ಮೆಣಸಿನ ಸಸಿ ಒಯ್ಯುವರು. ‘ಹಣ್ಣು ತಿಂದ್ರೆ ಮುಗೀತು. ಸಸಿ ಇದ್ರೆ ದಿನಾ ನನ್ನ ನೆನೀತಾರೆ’ ಎಂಬುದು ಅವರ ಲೆಕ್ಕ.

ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವರ ಮನೆ ಮುಂದೆ ಸ್ಕೂಟರಿನಲ್ಲಿ ಒಬ್ಬ ಹುಡುಗಿ ಬಂದಿಳಿದಳು. ಹೆಲ್ಮೆಟ್ ತೆಗೆದು, ಬೆವರು ಒರೆಸಿಕೊಂಡು, ನಗುನಗುತ್ತಾ ಕೇಳಿದಳು.

“ನಮಸ್ತೆ ಆಂಟಿ. ನಿಮ್ಮನೇಲಿ ಹೇನು ತುಂಬಾ ಇದೆಯಂತೆ. ಸ್ವಲ್ಪ ಕೊಡ್ತೀರಾ?”

ದ್ರಾಕ್ಷಾಯಣಮ್ಮನ ಕೈ ತಾನೇ ತುರುಬಿಗೆ ಹೋಯಿತು. “ಯಾರಮ್ಮ ಹಂಗಂದೋರು?”

“ಅರಸೀಕೆರೆ ಗೊಬ್ಬರದ ಅಂಗಡಿಯವರು. ಎಷ್ಟು ಔಷಧಿ ಹೊಡೆದ್ರೂ ಸಾಯ್ತಿಲ್ಲ, ಪಾಪ ಅವ್ರು ಸೋತು ಹೋಗಿದ್ದಾರೆ ಅಂದ್ರು.”

“ಗೊಬ್ಬರದ ಅಂಗಡಿಯೋನಿಗೂ ನನ್ನ ತಲೆಗೂ ಏನಮ್ಮ ಸಂಬಂಧ? ನನ್ನ ತಲೇಲಿ ಇಲ್ಲ. ನಮ್ಮ ಯಜಮಾನ್ರ ತಲೇಲಿ ಕೂದ್ಲೇ ಇಲ್ಲ. ಇನ್ನು ಬಾಕಿ ಇರೋದು ಎಮ್ಮೆ.”

ಹುಡುಗಿ ನಕ್ಕೂ ನಕ್ಕೂ ಸ್ಕೂಟರ್ ಹಿಡಿದು ನಿಂತಳು. ಅವಳ ಹೆಸರು ಮೇಘಶ್ರೀ. ಗಿಡಗಳ ಹುಳುಗಳನ್ನು ಕುರಿತು ಸಂಶೋಧನೆ ಮಾಡುವವಳು. ಅವಳಿಗೆ ಬೇಕಾಗಿದ್ದದ್ದು ಗಿಡದ ಹೇನು. ಮೆಣಸಿನ ಎಲೆಯ ಅಡಿಯಲ್ಲಿ ಗುಂಪುಗಟ್ಟಿ ಕೂತು ರಸ ಹೀರಿ, ಎಲೆ ಮುರುಟಿಸಿ, ಮೇಲೆಲ್ಲ ಅಂಟು ಸುರಿಸುವ, ರವೆ ಕಾಳಿನಷ್ಟು ಗಾತ್ರದ ಹಸಿರು ಹುಳು. ಅದೇನೋ ನಿಜವಾಗಿ ದೇವೀರಪ್ಪನವರ ಪಾಲಿಹೌಸಿನಲ್ಲಿ ಬೇಕಾದಷ್ಟಿತ್ತು. ಬೇಕಾದವರಿಗೆ ಪುಕ್ಕಟೆ ಕೊಡುವಷ್ಟಿತ್ತು.

ಒಳಗೆ ಹೋಗಿ ಮೇಘಶ್ರೀ ಒಂದೊಂದೇ ಎಲೆ ತಿರುಗಿಸಿ, ಮಕ್ಕಳು ಬಣ್ಣ ಹಚ್ಚುವಂಥ ಸಣ್ಣ ಕುಂಚದಿಂದ ಒಂದೊಂದೇ ಹೇನನ್ನು ಎತ್ತಿ, ಬೆರಳುದ್ದದ ಪ್ಲಾಸ್ಟಿಕ್ ಕೊಳವೆಗೆ ಹಾಕುತ್ತಿದ್ದಳು. ದ್ರಾಕ್ಷಾಯಣಮ್ಮ ಅಷ್ಟರಲ್ಲಿ ಅವಳ ಊರು, ಅಪ್ಪನ ಹೆಸರು, ಅಮ್ಮನ ತವರು ಎಲ್ಲ ತಿಳಿದುಕೊಂಡು ಮುಗಿಸಿದ್ದರು. ಇನ್ನು ಕೇಳಲು ಉಳಿದದ್ದು ಹೇನು.

“ಇವಕ್ಕೆ ಯಾವೂರಮ್ಮ?”

“ಅದನ್ನ ತಿಳ್ಕೊಳ್ಳೋಕೇ ಬಂದಿರೋದು ಆಂಟಿ. ಒಂದೊಂದು ಪಾಲಿಹೌಸಲ್ಲಿ ಇರೋದು ಒಂದೇ ವಂಶಾನಾ, ಬೇರೆ ಬೇರೆ ವಂಶಾನಾ, ಯಾವುದು ಎಲ್ಲಿಂದ ಬಂತು ಅಂತ ಪತ್ತೆ ಮಾಡ್ತೀವಿ. ಅವುಗಳ ಒಳಗೆ ಇರೋ ಗುರುತು ನೋಡಿದ್ರೆ ಗೊತ್ತಾಗುತ್ತೆ.”

ದ್ರಾಕ್ಷಾಯಣಮ್ಮ ಎಲೆ ಬಿಟ್ಟು ಹುಡುಗಿಯ ಮುಖ ನೋಡಿದರು. ತಮ್ಮಂಥವರು ಇನ್ನೊಬ್ಬರು ಇದ್ದಾರೆಂದು ಅವರಿಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

“ಅಂದ್ರೆ ನೀನು ಹೇನಿನ ಬೆಡಗು ಕೇಳೋಳು.”

“ಹಂಗೇ ಅಂದ್ಕೊಳ್ಳಿ.”

“ಸರಿ. ಇದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು?”

“ಗಂಡು ಇಲ್ಲ ಆಂಟಿ. ನಮ್ಮ ಕಡೆ ಈ ಪಾಲಿಹೌಸುಗಳಲ್ಲಿ ಎಲ್ಲಾ ಹೆಣ್ಣೇ. ತಾಯಿ ಒಬ್ಬಳೇ ಹೆರ್ತಾಳೆ. ಮೊಟ್ಟೆ ಕೂಡ ಇಡಲ್ಲ, ನೇರ ಮರೀನೇ. ಹುಟ್ಟೋ ಮರಿ ಹೊಟ್ಟೇಲಿ ಆಗ್ಲೇ ಮೊಮ್ಮಗಳು ಬೆಳೀತಿರ್ತಾಳೆ. ಮಗಳು ಅಮ್ಮನ ಅಚ್ಚು, ಮೊಮ್ಮಗಳು ಮಗಳ ಅಚ್ಚು. ಅದಕ್ಕೇ ನೋಡಿ, ಅಮ್ಮ ಒಂದು ಔಷಧಿ ತಡ್ಕೊಂಡಳು ಅಂದ್ರೆ ಇಡೀ ಸಂತಾನ ತಡ್ಕೊಳ್ಳುತ್ತೆ.”

ದ್ರಾಕ್ಷಾಯಣಮ್ಮ ಒಂದು ಖಾಲಿ ಕ್ರೇಟನ್ನು ಬೋರಲು ಹಾಕಿಕೊಂಡು ಕೂತರು.

“ಮದ್ವೇನೇ ಇಲ್ವಾ?”

“ಇಲ್ಲ.”

“ಒಂದಕ್ಕೂ?”

“ಒಂದಕ್ಕೂ ಇಲ್ಲ.”

ದ್ರಾಕ್ಷಾಯಣಮ್ಮ ಎಲೆಯನ್ನು ಮೆಲ್ಲಗೆ ಮೊದಲಿನ ಹಾಗೆ ತಿರುಗಿಸಿಟ್ಟರು. ನಿಟ್ಟುಸಿರು ಬಿಟ್ಟರು. “ಪಾಪ. ಹುಡುಕಿಕೊಡೋರು ಯಾರೂ ಇಲ್ದೆ ಹಿಂಗಾಗಿರಬೇಕು” ಅಂದರು.

ಆವತ್ತಿನಿಂದ ಇಬ್ಬರಿಗೂ ಸ್ನೇಹ ಬೆಳೆಯಿತು. ಊರೂರು ತಿರುಗುವ ದ್ರಾಕ್ಷಾಯಣಮ್ಮನಿಗೆ ಮೇಘಶ್ರೀ ಒಂದಷ್ಟು ಕೊಳವೆ, ಒಂದು ಕುಂಚ, ಒಂದು ಪುಟ್ಟ ಭೂತಗನ್ನಡಿ ಕೊಟ್ಟಳು. ಸಂಬಂಧ ಮಾತಾಡಲು ಹೋದ ಮನೆಯಲ್ಲಿ ಪಾಲಿಹೌಸು ಇದ್ದರೆ ಹತ್ತು ಗಿಡದಿಂದ ಹತ್ತು ಹೇನು ತಂದುಕೊಡಬೇಕು, ಕೊಳವೆಯ ಮೇಲೆ ಊರಿನ ಹೆಸರು ಬರೆಯಬೇಕು. ದ್ರಾಕ್ಷಾಯಣಮ್ಮ ಈ ಕೆಲಸವನ್ನು ಎಷ್ಟು ಮನಸ್ಸಿಟ್ಟು ಮಾಡಿದರೆಂದರೆ, ಬಿಕ್ಕೋಡಿನ ಒಂದು ಮನೆಯಲ್ಲಿ ಹುಡುಗನನ್ನು ನೋಡುವುದನ್ನೇ ಮರೆತು ಹೇನು ಹಿಡಿದುಕೊಂಡು ಬಂದರು. ಬಸ್ಸಿನಲ್ಲಿ ಕಂಡಕ್ಟರನಿಗೆ ಕೊಳವೆ ತೋರಿಸಿ, “ನೋಡಪ್ಪ, ಬಾಣಾವರದ್ದು ಸ್ವಲ್ಪ ಕೆಂಪಗೈತೆ, ಗೆಂಡೆಹಳ್ಳಿದು ಹಸ್ರು. ಮುಖದ ಲಕ್ಷಣಾನೇ ಬೇರೆ. ಒಂದೇ ಮನೆತನ ಅಲ್ಲವೇ ಅಲ್ಲ, ನಾನು ಬರ್ಕೊಡ್ತೀನಿ” ಎಂದರು. ಮೇಘಶ್ರೀ ಮಾತ್ರ, ಬಣ್ಣ ನೋಡಿ ಹೇಳೋಕಾಗಲ್ಲ ಆಂಟಿ, ಪರೀಕ್ಷೆ ಮಾಡಿ ತಿಳಿಸ್ತೀನಿ ಅಂದಿದ್ದಳು.

ಬಾಣಾವರ ಮತ್ತು ಗೆಂಡೆಹಳ್ಳಿ. ಈ ಎರಡು ಊರುಗಳ ನಡುವೆಯೇ ದ್ರಾಕ್ಷಾಯಣಮ್ಮನ ನೂರ ಹನ್ನೆರಡನೆಯ ಸಂಬಂಧವೂ ನಡೆದಿತ್ತು.

ಬಾಣಾವರದ ದೇವರಾಜ್ ಅವರ ಮಗಳು ಸ್ವಾತಿ. ಬಿ.ಎಸ್ಸಿ. ಓದಿ, ಅಪ್ಪನ ಪಾಲಿಹೌಸನ್ನು ತಾನೇ ನೋಡಿಕೊಳ್ಳುತ್ತಿದ್ದ ಹುಡುಗಿ. ಗೆಂಡೆಹಳ್ಳಿಯ ಉದಯಕುಮಾರನದೂ ಪಾಲಿಹೌಸೇ, ಮೆಣಸಿನಕಾಯಿಯೇ. ಹುಡುಗ ಹುಡುಗಿ ಫೋನಿನಲ್ಲಿ ಎರಡು ತಿಂಗಳು ಮಾತಾಡಿ ಒಪ್ಪಿಕೊಂಡಿದ್ದರು. ಏನು ಮಾತಾಡಿದಿರಿ ಎಂದು ಕೇಳಿದರೆ ಇಬ್ಬರೂ ‘ಹನಿ ನೀರಾವರಿ’ ಅಂದಿದ್ದರು. ಎಲ್ಲ ಸರಿಯೇ. ಆದರೆ ಉದಯಕುಮಾರನ ಮನೆಯಲ್ಲಿ ಕೊನೆಯ ಮಾತು ಅವನ ಅಜ್ಜಿ ಸಾವಿತ್ರಮ್ಮನದು. ಎಂಬತ್ತು ದಾಟಿದ ಆಕೆ ಬೆಡಗಿನ ವಿಚಾರದಲ್ಲಿ ದ್ರಾಕ್ಷಾಯಣಮ್ಮನಿಗೂ ಒಂದು ಕೈ ಮೇಲು. ಮೂರು ಸಲ ಕರೆಸಿ ಕೇಳಿದ್ದರು. “ನೋಡು ದ್ರಾಕ್ಷಾಯಣಿ, ಅಣ್ಣತಂಗೀರ್ನ ತಂದು ಒಂದೇ ಮಣೆ ಮೇಲೆ ಕೂರಿಸಿದ್ರೆ ಆಮೇಲೆ ಈ ಎರಡು ತಾಲ್ಲೂಕಲ್ಲಿ ನಿನ್ನ ಯಾರೂ ಹೊಸ್ತಿಲು ದಾಟಿಸಲ್ಲ, ನಾನೇ ದಾಟಿಸಗೊಡಲ್ಲ” ಅಂದಿದ್ದರು. ದ್ರಾಕ್ಷಾಯಣಮ್ಮ ತಮ್ಮ ಮೂವತ್ತು ವರ್ಷದ ಹೆಸರನ್ನೇ ಒತ್ತೆಯಿಟ್ಟು ಭರವಸೆ ಕೊಟ್ಟಿದ್ದರು.

ಹೂ ಮುಡಿಸುವ ಶಾಸ್ತ್ರ ಒಂದು ಭಾನುವಾರ, ಬಾಣಾವರದ ಹುಡುಗಿಯ ಮನೆಯಲ್ಲಿ. ಗೆಂಡೆಹಳ್ಳಿಯವರು ಹದಿನೈದು ಜನ ಬಂದಿದ್ದರು. ದ್ರಾಕ್ಷಾಯಣಮ್ಮ ದೇವೀರಪ್ಪನವರನ್ನೂ ಕರೆದುಕೊಂಡು ಬಂದಿದ್ದರು. ನಡುಮನೆಯಲ್ಲಿ ಜಮಖಾನ ಹಾಸಿತ್ತು. ಉಪ್ಪಿಟ್ಟು, ಕೇಸರಿಬಾತು ಆಗಿತ್ತು. ತಟ್ಟೆಯಲ್ಲಿ ಮಲ್ಲಿಗೆ, ಕನಕಾಂಬರ ಸಿದ್ಧವಾಗಿತ್ತು. ಬಾರದಿದ್ದವರೆಂದರೆ ಶಾಸ್ತ್ರ ಮಾಡಿಸುವ ಅಯ್ಯನೋರು. ಅವರ ಸ್ಕೂಟರ್ ಪಂಚರ್ ಆಗಿದೆಯೆಂದು ಸುದ್ದಿ ಬಂದಿತ್ತು. ಒಳ್ಳೆಯ ಗಳಿಗೆ ಮುಗಿಯುತ್ತಾ ಬಂತೆಂದು ಎಲ್ಲರೂ ಬಾಗಿಲ ಕಡೆಗೇ ನೋಡುತ್ತಿದ್ದರು.

ಆಗ ದ್ರಾಕ್ಷಾಯಣಮ್ಮನ ಫೋನು ಸದ್ದು ಮಾಡಿತು. ವಾಯ್ಸ್ ಮೆಸೇಜು.

“ಅಯ್ಯನೋರದ್ದೇ ಇರಬೇಕು. ಎಲ್ಲಾ ಕೇಳ್ಕೊಳ್ಳಿ” ಎಂದು ದ್ರಾಕ್ಷಾಯಣಮ್ಮ ಫೋನನ್ನು ಹಪ್ಪಳದ ಹಾಗೆ ಅಂಗೈಮೇಲಿಟ್ಟುಕೊಂಡು ನಡುಮನೆಯ ಮಧ್ಯಕ್ಕೆ ಹಿಡಿದು ಒತ್ತಿದರು. ದೇವೀರಪ್ಪನವರ ಕಿವಿಯ ದೆಸೆಯಿಂದ ಆ ಫೋನಿನ ದನಿ ಯಾವಾಗಲೂ ಪೂರ್ತಿ ಮೇಲಕ್ಕೇ ಇರುತ್ತಿತ್ತು. ಅದರಿಂದ ಒಂದು ಹುಡುಗಿಯ ಸ್ವಚ್ಛವಾದ ದನಿ ಹೊರಟಿತು.

“ಆಂಟಿ, ಪರೀಕ್ಷೆ ರಿಸಲ್ಟ್ ಬಂತು. ನಿಮಗೆ ಬೇಜಾರಾಗಬಹುದು, ಆದ್ರೂ ಹೇಳ್ಲೇಬೇಕು. ಬಾಣಾವರದವೂ ಗೆಂಡೆಹಳ್ಳಿಯವೂ ಬೇರೆ ಬೇರೆ ಮನೆತನ ಅಂತ ನೀವು ಹೇಳ್ತಿದ್ರಲ್ಲ, ಅದು ತಪ್ಪು. ಎರಡೂ ಒಂದೇ ತಾಯಿ ಮಕ್ಕಳು. ಅನುಮಾನಾನೇ ಇಲ್ಲ. ಅಪ್ಪ ಅನ್ನೋನಂತೂ ಎಲ್ಲೂ ಇಲ್ಲ. ಬಿಕ್ಕೋಡಿನವು ಮಾತ್ರ ಬೇರೆ. ಇದೆಲ್ಲಾ ಹರಡಿರೋದು ನಿಮ್ಮಿಂದಾನೇ ಅಂತ ಕಾಣುತ್ತೆ ಆಂಟಿ. ಎರಡು ಮನೆಯವರಿಗೂ ವಿಷಯ ತಿಳಿಸಿಬಿಡಿ. ತಡ ಮಾಡಿದ್ರೆ ಹದಿನೈದು ದಿನಕ್ಕೆ ಮನೆ ತುಂಬಾ ಮರಿ ಮಾಡಿ ಕೂತಿರ್ತಾವೆ.”

ನಡುಮನೆಯಲ್ಲಿ ಒಬ್ಬರ ಬಾಯಲ್ಲಿದ್ದ ಉಪ್ಪಿಟ್ಟು ಅಲ್ಲೇ ನಿಂತಿತು. ಉದಯಕುಮಾರ ಸ್ವಾತಿಯನ್ನು ನೋಡಿದ. ಸ್ವಾತಿ ತನ್ನ ಅಪ್ಪನನ್ನು ನೋಡಿದಳು. ದೇವರಾಜ್ ಯಾರನ್ನು ನೋಡಬೇಕೆಂದು ತಿಳಿಯದೆ ಸೀಲಿಂಗ್ ಫ್ಯಾನ್ ನೋಡಿದರು.

ಸಾವಿತ್ರಮ್ಮ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. “ಯಾರೇ ಆ ಹುಡುಗಿ?”

“ದೊಡ್ಡಮ್ಮ, ಅದು ನಮ್ಮ ವಿಚಾರ ಅಲ್ಲ. ಹೇನಿಂದು.”

“ಯಾವ ಹೇನು?”

“ಸ್ವಾತಿ ಮನೇಲಿ ಐತಲ್ಲ, ಆ ಹೇನು.”

ಹದಿನೈದು ಜೊತೆ ಕಣ್ಣು ಒಟ್ಟಿಗೆ ಸ್ವಾತಿಯ ತಲೆಯ ಮೇಲೆ ಹೋಗಿ ಕೂತವು. ಆವತ್ತು ಹಾಸನಕ್ಕೆ ಹೋಗಿ ಎರಡು ಗಂಟೆ ಕೂತು ಮಾಡಿಸಿಕೊಂಡು ಬಂದ ಜಡೆ ಅದು. ಸ್ವಾತಿಯ ತಾಯಿ ಅಡುಗೆಮನೆಯ ಬಾಗಿಲಿಂದ ಸೌಟು ಹಿಡಿದುಕೊಂಡೇ ಬಂದರು.

“ದ್ರಾಕ್ಷಾಯಣಕ್ಕ, ನನ್ನ ಮಗಳ ತಲೇಲಿ ಹೇನೈತೆ ಅಂತ ಇವರೆಲ್ಲರ ಮುಂದೆ ಹೇಳಕ್ಕೆ ನಿಮಗೆ ಹೆಂಗೆ ಬಾಯಿ ಬಂತು?”

“ತಲೇಲಲ್ಲ ಕಣಮ್ಮ, ಪಾಲಿಹೌಸಲ್ಲಿ. ಇವರ ಮನೇಲೂ ಐತೆ.”

“ನಮ್ಮನೇಲಿ ಯಾರ ತಲೇಲೈತೆ?” ಎಂದು ಗೆಂಡೆಹಳ್ಳಿ ಕಡೆಯ ಹೆಂಗಸೊಬ್ಬರು ಎದ್ದು ನಿಂತರು.

ದ್ರಾಕ್ಷಾಯಣಮ್ಮ ಬೇರೆ ದಾರಿ ಹಿಡಿದರು. ತಮಗೆ ಚೆನ್ನಾಗಿ ಗೊತ್ತಿದ್ದ ದಾರಿ. ಸೆರಗು ಸಿಕ್ಕಿಸಿಕೊಂಡು ಎರಡೂ ಮನೆಗಳ ಏಳು ತಲೆಮಾರನ್ನು ಒಂದೇ ಉಸಿರಿಗೆ ಹೇಳಲು ಶುರು ಮಾಡಿದರು. ದೇವರಾಜ್ ಅವರ ಮುತ್ತಾತ ಕಣಕಟ್ಟೆಯಿಂದ ಎಷ್ಟು ಎತ್ತು ಹೊಡೆದುಕೊಂಡು ಬಂದರು, ಸಾವಿತ್ರಮ್ಮನವರ ಮಾವ ಜಾವಗಲ್ ಬಿಟ್ಟಾಗ ಯಾವ ತೊಟ್ಟಿಲು ತಂದರು, ಎಲ್ಲಿಯೂ ಒಂದು ಎಳೆ ಇನ್ನೊಂದನ್ನು ಮುಟ್ಟಿಲ್ಲ ಎಂದರು. ಬೇರೆ ದಿನವಾಗಿದ್ದರೆ ಜನ ತಲೆದೂಗುತ್ತಿದ್ದರು.

ಸಾವಿತ್ರಮ್ಮ ಕೈ ಎತ್ತಿದರು. “ನಿಲ್ಸು. ನೀನು ಬಾಯಲ್ಲಿ ಹೇಳ್ತಾ ಇದೀಯ. ಆ ಹುಡುಗಿ ಪರೀಕ್ಷೆ ಮಾಡಿ ಹೇಳ್ತಾ ಅವಳೆ.”

ಮೂವತ್ತು ವರ್ಷದಲ್ಲಿ ದ್ರಾಕ್ಷಾಯಣಮ್ಮನ ಬಾಯಿಗಿಂತ ದೊಡ್ಡ ಸಾಕ್ಷಿ ಯಾರೂ ಕೇಳಿರಲಿಲ್ಲ. ಮೇಘಶ್ರೀಗೆ ಫೋನು ಮಾಡಿದರು. ಸಿಗಲಿಲ್ಲ. ಮತ್ತೆ ಮಾಡಿದರು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಅದೇ ಪೂರ್ತಿ ದನಿಯಲ್ಲಿ ಎಲ್ಲರಿಗೂ ಕೇಳಿಸಿತು.

“ಯಾರದೋ ಮನೆ ಹೆಣ್ಣುಮಗಳು, ಪಾಪ, ಇರೋ ವಿಷಯ ಹೇಳಿ ಊರು ಬಿಟ್ಟವಳೆ” ಎಂದು ಯಾರೋ ಅಂದರು.

ಸಾವಿತ್ರಮ್ಮ ಗೋಡೆ ಹಿಡಿದು ಎದ್ದರು. ಮೊಮ್ಮಗನನ್ನು ಕರೆದು ಚಪ್ಪಲಿ ಎಲ್ಲಿ ನೋಡು ಅಂದರು. ಉದಯಕುಮಾರ ಚಪ್ಪಲಿ ಹುಡುಕಲು ಹೋದವನು, ಕಣ್ಣೆದುರಿಗೇ ಇದ್ದ ಜೋಡನ್ನು ಕಾಲಿನಿಂದ ಬೆಂಚಿನಡಿಗೆ ತಳ್ಳಿ, “ಸಿಗ್ತಾ ಇಲ್ಲ ಅಜ್ಜಿ” ಅಂದ.

ಅಷ್ಟು ಸಮಯ ಸಾಕಾಯಿತು. ದ್ರಾಕ್ಷಾಯಣಮ್ಮ ಬಾಗಿಲಿಗೆ ಅಡ್ಡ ನಿಂತರು. “ದೊಡ್ಡಮ್ಮ, ಬಾಯಿ ಮಾತು ಬೇಡ. ಕಣ್ಣಾರೆ ನೋಡಿ. ಹಿತ್ತಿಲಿಗೆ ಹತ್ತು ಹೆಜ್ಜೆ. ನೋಡಿದ ಮೇಲೂ ನನ್ನ ತಪ್ಪು ಅನ್ಸಿದ್ರೆ ನಾನೇ ನಿಮ್ಮ ಚಪ್ಪಲಿ ಹುಡುಕಿ ಕೊಟ್ಟು, ಇನ್ನು ಮೇಲೆ ಯಾರ ಮನೆ ಹೆಣ್ಣಿನ ಸುದ್ದೀನೂ ಎತ್ತಲ್ಲ.”

ಹೀಗೆ ರೇಷ್ಮೆ ಸೀರೆ, ಇಸ್ತ್ರಿ ಅಂಗಿ, ಮಲ್ಲಿಗೆಯ ತಟ್ಟೆ ಸಮೇತ ಎರಡೂ ಕಡೆಯ ಬೀಗರು ಪಾಲಿಹೌಸಿಗೆ ಹೊರಟರು. ಅದಕ್ಕೆ ಎರಡು ಬಾಗಿಲು. ಹುಳು ನುಗ್ಗದಿರಲಿ ಎಂದು ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆಗೆಯಬೇಕು. ನಡುವಿನ ಜಾಗದಲ್ಲಿ ಮೂರು ಜನ ನಿಲ್ಲಬಹುದು. ಅವತ್ತು ಹನ್ನೊಂದು ಜನ ನಿಂತರು. ಸ್ವಾತಿ ಅಂಥ ಹೊತ್ತಿನಲ್ಲೂ, “ಹೊರಗಿನ ಬಾಗಿಲು ಮುಚ್ಚಿ, ಆಮೇಲೆ ಒಳಗಿಂದು ತೆಗೀರಿ” ಎಂದು ಗದರಿದಳು. ಕೈಯಲ್ಲಿ ಸೌಟು ಇದ್ದ ಅವಳ ತಾಯಿಯೂ, ಜೇಬಿನ ಬಾಚಣಿಗೆ ಬೀಗರಿಗೆ ಚುಚ್ಚುತ್ತಿದ್ದ ಉದಯಕುಮಾರನ ಅಪ್ಪನೂ ಅಲ್ಲೇ ಮೊದಲ ಸಲ ಎದುರುಬದುರು ಆದರು. “ಕ್ಷಮಿಸಿ” ಅಂದರು ಅವರು. “ಪರವಾಗಿಲ್ಲ” ಅಂದರು ಇವರು. ಅಷ್ಟರಮಟ್ಟಿಗೆ ಬೀಗತನ ಮುಂದುವರಿಯಿತು.

ಒಳಗೆ ಹಬೆ ಹಾಯಿಸಿದ ಹಾಗೆ ಸೆಕೆ. ದ್ರಾಕ್ಷಾಯಣಮ್ಮ ಒಂದು ಮುರುಟಿದ ಎಲೆ ಹುಡುಕಿ, ಅದನ್ನು ತಿರುಗಿಸಿ, ಎಲೆಅಡಿಕೆ ಚೀಲದಿಂದ ಭೂತಗನ್ನಡಿ ತೆಗೆದು ಸಾವಿತ್ರಮ್ಮನ ಕಣ್ಣಿಗೆ ಹಿಡಿದರು.

“ಏನೂ ಕಾಣ್ತಿಲ್ಲ. ಹಸ್ರು ಹಸ್ರು.”

“ಸ್ವಲ್ಪ ಹತ್ರ ಬನ್ನಿ.”

ಸಾವಿತ್ರಮ್ಮ ಹತ್ತಿರ ಬಂದರು. ಇನ್ನೂ ಹತ್ತಿರ ಬಂದರು. ಮೂಗು ಎಲೆಗೆ ತಾಗುವಷ್ಟು ಬಂದು ಅಲ್ಲೇ ನಿಂತುಬಿಟ್ಟರು. ಏಳು ಹೆತ್ತವರು ಅವರು. ಹದಿನೇಳು ಮೊಮ್ಮಕ್ಕಳ ಹೆರಿಗೆಗೆ ನಿಂತವರು.

“ಏ ದ್ರಾಕ್ಷಾಯಣಿ.”

“ದೊಡ್ಡಮ್ಮ.”

“ಇದು ಹೆರ್ತಾ ಐತೆ ಕಣೇ.”

ಸಾವಿತ್ರಮ್ಮ ಭೂತಗನ್ನಡಿಯನ್ನು ತಾವೇ ಕಿತ್ತುಕೊಂಡರು.

“ಉಲ್ಟಾ ಬತ್ತಾ ಐತಲ್ಲೇ ಮಗು. ತಲೆ ಮೊದ್ಲು ಬರಬೇಕು, ಇದು ಹಿಂದ್ಲು ಕಡೆಯಿಂದ ಬತ್ತಾ ಐತೆ. ಅಯ್ಯೋ ಪಾಪ. ಒಬ್ಬಳೇ ಅವಳೆ.”

“ಹಂಗೇ ದೊಡ್ಡಮ್ಮ, ಇವಕ್ಕೆ ಉಲ್ಟಾ ಬರೋದೇ ಸರಿ. ಎಲ್ಲಾ ಒಬ್ಬೊಬ್ರೇ. ಗಂಡು ಅನ್ನೋದೇ ಇಲ್ಲ. ಆ ಹುಡುಗಿ ಅಪ್ಪ ಇಲ್ಲ ಅಂದಿದ್ದು ಇದನ್ನೇ. ಬಾಣಾವರದ್ದು ಗೆಂಡೆಹಳ್ಳಿದು ಒಂದೇ ತಾಯಿ ಅಂದಿದ್ದೂ ಇವನ್ನೇ. ಊರಿನ ಹೆಸರು ಬರೆದು ನಾನೇ ಕೊಟ್ಟಿದ್ದೆ, ಅವಳು ಊರಿನ ಹೆಸ್ರಲ್ಲೇ ಹೇಳವಳೆ. ನಮ್ಮ ಜನದ ವಿಚಾರ ಅವಳಿಗೇನು ಗೊತ್ತು?”

“ಮಾತಾಡಬೇಡ. ಕಾಲು ಆಡಿಸ್ತಾ ಐತೆ.”

ಉದಯಕುಮಾರ ಇನ್ನೊಂದು ಎಲೆ ತಿರುಗಿಸಿ ನೋಡಿ, “ನಮ್ಮನೇಲೂ ಇದೇ ಅಜ್ಜಿ. ನಾನು ನಿಮಗೆ ಹೇಳಿರಲಿಲ್ಲವಾ, ಯಾವ ಔಷಧಿಗೂ ಬಗ್ತಿಲ್ಲ ಅಂತ? ಒಂದೇ ವಂಶ ಆಗಿರೋದಕ್ಕೇ ಹಂಗೆ” ಅಂದ. ಸ್ವಾತಿ ಅವನ ಪಕ್ಕಕ್ಕೆ ಬಂದು, “ನೀವು ಯಾವ್ದು ಹೊಡೀತಿದ್ರಿ?” ಎಂದು ಕೇಳಿದಳು. ಅವರಿಬ್ಬರಿಗೆ ಅಲ್ಲಿಂದ ಮುಂದೆ ಬೇರೆಯವರ ಪರಿವೆ ಇರಲಿಲ್ಲ.

ಸಾವಿತ್ರಮ್ಮ ಕೊನೆಗೂ ತಲೆ ಎತ್ತಿದರು. ಮುಖದ ತುಂಬ ಬೆವರು, ಆದರೆ ಕಣ್ಣು ಹೊಳೆಯುತ್ತಿತ್ತು. “ಬಾಣಂತಿ ಮಗು ಎರಡೂ ಚೆನ್ನಾಗವೆ” ಎಂದು ಸಾರಿದರು. ಅಷ್ಟು ಹೇಳಿ ದ್ರಾಕ್ಷಾಯಣಮ್ಮನ ಕಡೆ ತಿರುಗಿದರು. “ಸರಿ. ಒಂದೇ ತಾಯಿದು ಬಾಣಾವರಕ್ಕೂ ಗೆಂಡೆಹಳ್ಳಿಗೂ ಹೆಂಗೆ ಬಂತು? ಹರಡಿದ್ದು ನೀನು ಅಂದಳಲ್ಲ.”

ದ್ರಾಕ್ಷಾಯಣಮ್ಮನಿಗೆ ಆಗ ಹೊಳೆಯಿತು. ಸಂಬಂಧ ಮಾತಾಡಲು ಇಬ್ಬರ ಮನೆಗೂ ಮೊದಲ ಸಲ ಹೋದಾಗ ಬುಟ್ಟಿಯ ತುಂಬ ಸಸಿ ಒಯ್ದಿದ್ದರು. ಒಂದೇ ಟ್ರೇಯ ಸಸಿಗಳು. ಬಿಕ್ಕೋಡಿಗೆ ಮಾತ್ರ ಅವತ್ತು ಮರೆತು ಬರಿಗೈಯಲ್ಲಿ ಹೋಗಿದ್ದರು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

“ನನ್ನ ಸಸಿ ಜೊತೆ ಬಂದಿರಬೇಕು ದೊಡ್ಡಮ್ಮ. ನನ್ನ ಬುಟ್ಟೀಲಿ ಕೂತ್ಕೊಂಡು, ನನ್ನ ಜೊತೇನೇ ಬಸ್ಸಲ್ಲಿ.”

ದೇವರಾಜ್ ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ಬಿಟ್ಟರು. “ಟಿಕೆಟ್ ತಗೊಳ್ದೆ.”

ಯಾರೋ ನಕ್ಕರು. ಇನ್ನೊಬ್ಬರು ನಕ್ಕರು. ಸಾವಿತ್ರಮ್ಮ ನಗಲಿಲ್ಲ. ಎಲ್ಲರೂ ಅವರ ಮುಖ ನೋಡಿದರು. ಅಷ್ಟರಲ್ಲಿ ಅಂಗಳದಲ್ಲಿ ಸ್ಕೂಟರಿನ ಸದ್ದು ಕೇಳಿತು. ಬಂದು ನಿಂತ ಸದ್ದು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾದ ಸದ್ದು.

ನಡೆದದ್ದು ಇಷ್ಟು. ಅಯ್ಯನೋರು ಪಂಚರ್ ಹಾಕಿಸಿಕೊಂಡು ಬಂದು ನೋಡಿದರೆ ಮನೆಯಲ್ಲಿ ಯಾರೂ ಇಲ್ಲ. ಜಗಲಿಯ ಮೇಲೆ ದೇವೀರಪ್ಪ ಒಬ್ಬರೇ ಕೇಸರಿಬಾತು ತಿನ್ನುತ್ತಾ ಕೂತಿದ್ದಾರೆ. ಹಿತ್ತಿಲಿನ ಕೂಗಾಟ ಅವರ ಮಂದ ಕಿವಿಗೂ ಅಲ್ಲಷ್ಟು ಇಲ್ಲಷ್ಟು ಬಿದ್ದಿತ್ತು.

“ಎಲ್ರೂ ಎಲ್ಲಿ ಹೋದ್ರು?”

ದೇವೀರಪ್ಪ ಆ ವರ್ಷದ ಅತಿ ಉದ್ದದ ಮಾತು ಆಡಿದರು. “ಹೆರಿಗೆ ನೋಡಕ್ಕೆ ಹಿತ್ಲಿಗೆ ಹೋದ್ರು.”

“ಯಾರಿಗೆ ಹೆರಿಗೆ?”

“ಈ ಮನೇದಕ್ಕೇ.”

“ಯಜಮಾನ ಯಾರು?”

“ಯಾರೂ ಇಲ್ವಂತೆ.”

ಹೂ ಮುಡಿಸಲು ಬಂದ ಮನೆಯಲ್ಲಿ ಇಂಥ ಸುದ್ದಿ ಕೇಳಿದ ಮೇಲೆ ಯಾವ ಅಯ್ಯನೋರು ನಿಲ್ಲುತ್ತಾರೆ? ದ್ರಾಕ್ಷಾಯಣಮ್ಮ ಎರಡು ಬಾಗಿಲನ್ನೂ ಒಟ್ಟಿಗೆ ತೆಗೆದು, ಸ್ವಾತಿ ಗದರಿದ್ದನ್ನೂ ಕೇಳದೆ, ಸೆರಗು ಹಾರಿಸಿಕೊಂಡು ಅಂಗಳಕ್ಕೆ ಓಡಿದರು. ಒಳ್ಳೆಯ ಗಳಿಗೆಯಲ್ಲಿ ಉಳಿದದ್ದು ಕಾಲು ಗಂಟೆ. ಸ್ಕೂಟರ್ ಗೇಟು ದಾಟುತ್ತಿತ್ತು.

“ಅಯ್ಯನೋರೆ, ನಿಲ್ಲಿ. ಯಾಕೆ ಹೊರಟ್ರಿ?”

“ಹೆರಿಗೆ ಅಂದ್ರು.”

“ಅದು ಹೇನಿನ ಹೆರಿಗೆ.”

ಅಯ್ಯನೋರು ಸ್ಕೂಟರ್ ನಿಲ್ಲಿಸಿದರು. ಇಂಥ ಮಾತಿಗೆ ಏನು ಹೇಳಬೇಕೆಂದು ಅವರು ಓದಿದ್ದರಲ್ಲಿ ಎಲ್ಲೂ ಇರಲಿಲ್ಲ. ಆಗ ಪಾಲಿಹೌಸಿನ ಒಳಗಿಂದ ಸಾವಿತ್ರಮ್ಮನ ದನಿ ಬಂತು. ಎಂಬತ್ತು ವರ್ಷದ ದನಿ, ಆದರೆ ಆ ಫೋನಿಗೂ ಕಡಿಮೆ ಇರಲಿಲ್ಲ.

“ಅಯ್ಯನೋರ್ನ ಇಲ್ಲಿಗೇ ಕರ್ಕೊಂಡು ಬಾರೇ ದ್ರಾಕ್ಷಾಯಣಿ. ಪಕ್ಕದ ಎಲೇಲಿ ಇನ್ನೊಂದು ಶುರುವಾಗೈತೆ, ನಾನು ಬಿಟ್ಟು ಬರಂಗಿಲ್ಲ. ಹೂ ಇಲ್ಲೇ ಮುಡಿಸಣ.”

ದ್ರಾಕ್ಷಾಯಣಮ್ಮ ಸ್ಕೂಟರಿನ ಹ್ಯಾಂಡಲ್ ಹಿಡಿದು ಹಿತ್ತಿಲ ಕಡೆಗೆ ತಿರುಗಿಸಿದರು. ಮುಡಿಸಣ ಎಂಬ ಆ ಒಂದು ಮಾತು ಸಾಕಾಗಿತ್ತು.

ಹಾಗೆ ಮೆಣಸಿನ ಗಿಡಗಳ ಸಾಲಿನ ನಡುವೆ ಶಾಸ್ತ್ರ ನಡೆಯಿತು. ಅಯ್ಯನೋರ ಹಣೆಯ ವಿಭೂತಿ ಸೆಕೆಗೆ ಕರಗಿ ಮೂಗಿನ ಮೇಲೆ ಇಳಿಯಿತು. ಸಾವಿತ್ರಮ್ಮ ಒಂದು ಕೈಯಲ್ಲಿ ಭೂತಗನ್ನಡಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಸ್ವಾತಿಯ ಜಡೆಗೆ ಮಲ್ಲಿಗೆ ಸಿಕ್ಕಿಸಿದರು. “ಸಸಿಯ ತಪ್ಪಿಗೆ ನಿನಗೊಂದು ದಂಡ ಐತೆ. ಸೋಪಿನ ನೀರು ತಗೊಂಡು ಎರಡು ಮನೆ ಎಲೇನೂ ಒಂದೊಂದಾಗಿ ನೀನೇ ತೊಳ್ಕೊಡಬೇಕು” ಅಂದರು ದ್ರಾಕ್ಷಾಯಣಮ್ಮನಿಗೆ. ದ್ರಾಕ್ಷಾಯಣಮ್ಮ ತಕರಾರು ಮಾಡಲಿಲ್ಲ. ಒಂದೊಂದು ಪಾಲಿಹೌಸಿನಲ್ಲಿ ಎಷ್ಟು ಎಲೆ ಇರಬಹುದೆಂದು ಮನಸ್ಸಿನಲ್ಲೇ ಅಂದಾಜು ಮಾಡಿ, ಅರ್ಧಕ್ಕೇ ಬಿಟ್ಟರು.

ಸಂಜೆ ಮುಂದೆ ಗೆಂಡೆಹಳ್ಳಿಯವರ ವ್ಯಾನು ಹೊರಟಾಗ ಸಾವಿತ್ರಮ್ಮ, “ಬಸ್ಸಿಗ್ಯಾಕೆ ಕಾಯ್ತೀರ, ಹಳೇಬೀಡಿನ ಮೇಲೇ ಹೋಗೋದಲ್ವಾ” ಎಂದು ದ್ರಾಕ್ಷಾಯಣಮ್ಮನನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ದೇವೀರಪ್ಪ ಹಿಂದಿನ ಸೀಟಿನಲ್ಲಿ ಆಗಲೇ ಗೊರಕೆ ಹೊಡೆಯುತ್ತಿದ್ದರು. ದಾರಿಯುದ್ದಕ್ಕೂ ಸಾವಿತ್ರಮ್ಮನದು ಒಂದೇ ಧ್ಯಾನ. ಅವಕ್ಕೆ ಹಾಲು ಬೇಡವಂತೆ ಹೌದಾ, ಬಾಣಂತಿ ಅವತ್ತೇ ಓಡಾಡ್ತಾಳಂತೆ ಹೌದಾ, ಅತ್ತೆ ಮಾವ ಇಲ್ವಂತೆ ಹೌದಾ. ಎಲ್ಲದಕ್ಕೂ ದ್ರಾಕ್ಷಾಯಣಮ್ಮ ಹೌದು ಅಂದರು.

ಕಿಟಕಿಯ ಆಚೆ ತೆಂಗಿನ ತೋಟಗಳು ಹಿಂದೆ ಸರಿಯುತ್ತಿದ್ದವು.

“ಗಂಡಿನ ಹಂಗಿಲ್ದೆ ಹೆರೋ ಬುದ್ಧಿ ಇನ್ನೂ ಯಾವ್ಯಾವುದಕ್ಕೆ ಐತೆ, ಆ ಹುಡುಗೀನ ಒಂದ್ಸಲ ಕೇಳೇ” ಅಂದರು ಸಾವಿತ್ರಮ್ಮ.

“ಅದೊಂದು ಮಾತ್ರ ಕೇಳಲ್ಲ ದೊಡ್ಡಮ್ಮ” ಎಂದರು ದ್ರಾಕ್ಷಾಯಣಮ್ಮ, ಎಲೆಗೆ ಸುಣ್ಣ ಸವರುತ್ತಾ. “ಜನಕ್ಕೆ ಗೊತ್ತಾದ್ರೆ ನಾನು ಏನು ಮಾಡ್ಕೊಂಡು ಬದುಕ್ಲಿ?”